ಔಟಾದವರ ಮರ

ಕೆರೆ-ದಡ ಆಟದಲ್ಲಿ ನಾಗವೇಣಿ ಒಂದು ದಿನವೂ ಔಟಾದವಳಲ್ಲ. ಮೇಷ್ಟ್ರು ‘ಕೆರೆ’ ಎಂದರೆ ಗೆರೆಯಾಚೆ ನೆಗೆಯಬೇಕು, ‘ದಡ’ ಎಂದರೆ ಈಚೆ. ಅವಳ ಹೆಜ್ಜೆ ತಪ್ಪುತ್ತಲೇ ಇರಲಿಲ್ಲ. ಉಳಿದವರೆಲ್ಲ ಬೇಗಬೇಗ ತಪ್ಪಿ, ಹುಣಸೆಮರದ ಕೆಳಗೆ ಗುಂಪಾಗಿ ಕೂತು, ಒಬ್ಬರ ಜಡೆ ಒಬ್ಬರು ಎಳೆಯುತ್ತ ಬಿದ್ದೂ ಬಿದ್ದೂ ನಗುತ್ತಿದ್ದರು. ಗೆರೆಯ ಹತ್ತಿರ ಕೊನೆಗೆ ಇವಳೊಬ್ಬಳೇ.

“ಇವಳನ್ನ ನೋಡಿ ಕಲೀರಿ! ಕೊನೇತನಕ ನಿಲ್ಲೋರೇ ನಾಳೆ ಲೀಡರ್ ಆಗೋದು,” ಎನ್ನುತ್ತಿದ್ದರು ಮೇಷ್ಟ್ರು.

ಆ ಶನಿವಾರ ಅವಳು ಮೆಲ್ಲಗೆ ಕೇಳಿದಳು: “ಸಾರ್, ಔಟಾದೋರೆಲ್ಲ ಆ ಮರದ ಕೆಳಗೇ ಕೂತ್ಕೋಬೇಕಾ?”

“ಹೂಂ. ಅದೆಲ್ಲ ನಿನಗ್ಯಾಕಮ್ಮ? ನೀನು ಔಟಾಗೋಳೇ ಅಲ್ಲ.”

ಆಟ ಶುರುವಾಯಿತು. “ಕೆರೆ!” ಎಂದರು ಮೇಷ್ಟ್ರು. ಎಲ್ಲರೂ ನೆಗೆದರು, ನಾಗವೇಣಿ ಬೇಕೆಂದೇ ನಿಂತಲ್ಲೇ ನಿಂತಳು. ಮೇಷ್ಟ್ರು ಔಟ್ ಎನ್ನುವ ಮೊದಲೇ ಮರದತ್ತ ಓಡಿದಳು. ನೆರಳಲ್ಲಿ ಕೂತು, ಪಕ್ಕದ ತರಗೆಲೆಗಳನ್ನು ಕೈಯಿಂದ ಸರಿಸಿ, ಬರುವವರಿಗೆ ಜಾಗ ಮಾಡಿಟ್ಟು ಕಾದಳು.

“ದಡ! ಕೆರೆ! ಕೆರೆ! ದಡ!” ಕೂಗಿ ಕೂಗಿ ಮೇಷ್ಟ್ರ ಗಂಟಲು ಕಟ್ಟಿತು.

ಅಂದು ಬೆಲ್ ಹೊಡೆಯುವವರೆಗೂ ಮತ್ತೊಬ್ಬರೂ ಔಟಾಗಲಿಲ್ಲ.