ಸೇತುವೆ ಕಡಿದವನು

ರಾಜಕುಮಾರ ಕತ್ತಿ ಬೀಸಿ ಬೆತ್ತದ ಸೇತುವೆಯನ್ನು ಕಡಿದುಬಿಟ್ಟ. ರಾಕ್ಷಸರ ದಂಡಿನ ಜೊತೆಗೆ, ಅವರಿಂದ ತಪ್ಪಿಸಿಕೊಂಡು ಓಡಿಬರುತ್ತಿದ್ದ ಅವನ ಜೀವದ ಗೆಳೆಯನೂ ಕಣಿವೆಗೆ ಬಿದ್ದ.

"ಥೂ, ಇವನೂ ರಾಕ್ಷಸನೇ ಆದ," ಎಂದು ರಾಜೀವಿ ವಾರಪತ್ರಿಕೆಯನ್ನು ಮಡಿಲಲ್ಲಿ ಮಗುಚಿದಳು. ಪೊಳಲಿಯ ಹೊಳೆಬದಿಯ ಆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ವಾರವಾರವೂ ಧಾರಾವಾಹಿ ಓದಿ ಹೇಳುವವಳು ಅವಳೇ. ಎಂಟನೆಯ ತರಗತಿಯವರೆಗೆ ಶಾಲೆಗೆ ಹೋದವಳು ಅವಳೊಬ್ಬಳೇ.

"ಅವ ಕಡಿಯದಿದ್ದರೆ ಊರಿನ ಮಕ್ಕಳ ಗತಿ ಎಂತ?" ಎಲೆ ಸುರುಟುತ್ತ ಕೇಳಿದಳು ರುಕಿಯಾ.

"ಗೆಳೆಯ ದಾಟುವವರೆಗೆ ಕಾಯಬಹುದಿತ್ತಲ್ಲ? ಅವನನ್ನೇ ಕೊಂದವ ಇನ್ನು ಯಾರನ್ನಾದರೂ ಕೊಂದಾನು."

ಹೇಳಿದ ಮೇಲೆ ರಾಜೀವಿ ನಾಲಿಗೆ ಕಚ್ಚಿಕೊಂಡಳು. ಕಂಬಕ್ಕೆ ಒರಗಿ ಸೇಸಮ್ಮ ಕುಳಿತಿದ್ದಳು. ಕಳೆದ ವರ್ಷದ ನೆರೆಯಲ್ಲಿ ಸೇಸಮ್ಮನ ಗಂಡ ರುಕ್ಮಯ್ಯ ಹೊಳೆಗೆ ಬಿದ್ದು, ಹೆಂಗಸರು ಮಕ್ಕಳಿಂದ ತುಂಬಿದ್ದ ದೋಣಿಯ ಅಂಚು ಹಿಡಿದಿದ್ದ. ದೋಣಿ ವಾಲಿ ನೀರು ಒಳಗೆ ನುಗ್ಗಿತು. ಮರುಕ್ಷಣ ರುಕ್ಮಯ್ಯ ಅಲ್ಲಿರಲಿಲ್ಲ. ದೋಣಿ ದಡ ಸೇರಿತು. ಅದನ್ನು ನಡೆಸುತ್ತಿದ್ದವನು ರುಕ್ಮಯ್ಯನ ಜೊತೆಗೇ ಆಡಿ ಬೆಳೆದ ಜತ್ತಪ್ಪ.

"ನಿಲ್ಲಿಸಿದ್ದು ಯಾಕೆ? ಓದು," ಎಂದಳು ಸೇಸಮ್ಮ.

"ಬೇಡ ಸೇಸಕ್ಕ. ಬೇರೆ ಎಂತಾದರೂ ಓದುವ."

"ಊರಿಗೆ ಹೋಗಿ ಅವ ಏನು ಹೇಳಿದ? ಅದನ್ನು ಓದು."

ರಾಜೀವಿ ತಗ್ಗಿದ ದನಿಯಲ್ಲಿ ಮುಂದುವರಿಸಿದಳು. ಕೋಟೆಯ ಬಾಗಿಲಲ್ಲಿ ಗೆಳೆಯನ ತಾಯಿ ಕಾದು ನಿಂತಿದ್ದಳು. ರಾಜಕುಮಾರ ಅವಳ ಕಾಲಿಗೆರಗಿ, ನಿಮ್ಮ ಮಗ ರಾಕ್ಷಸರ ಕೈಯಲ್ಲಿ ಮಡಿದ, ವೀರಸ್ವರ್ಗ ಸೇರಿದ ಎಂದ. ಊರವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬೀಡಿ ಸುರುಟುತ್ತಿದ್ದ ಸೇಸಮ್ಮನ ಕೈ ನಿಂತಿತು. "ಕಡಿದಾಗ ಅಲ್ಲ, ಈಗ ಕೆಟ್ಟ, ಅವ."

ಎಲೆ ಬದಿಗಿಟ್ಟು ಅವಳೇ ಹೇಳಿದಳು: "ದೋಣಿಯಲ್ಲಿದ್ದವರೆಲ್ಲ ಬಂದು, ನಮ್ಮ ಇವರು ತಾವಾಗಿಯೇ ಕೈ ಬಿಟ್ಟರು ಅಂದರು. ನನ್ನ ಸಮಾಧಾನಕ್ಕೆ. ಜತ್ತಪ್ಪಣ್ಣ ಒಬ್ಬರೇ ಅಂಗಳದಲ್ಲಿ ನಿಂತು, ದೋಣಿ ನೂಕುವ ಜಲ್ಲೆಯಲ್ಲಿ ಅವನ ಕೈಗೆ ನಾನೇ ಹೊಡೆದೆ ಅಂದರು."

"ನೀವು ಎಂತ ಹೇಳಿದಿರಿ?" ಎಂದಳು ರುಕಿಯಾ.

"ಬಾಗಿಲು ಹಾಕಿಕೊಂಡೆ. ಮತ್ತೆ ಮಾತಾಡಲಿಲ್ಲ."

ಸಂಜೆ, ಕಟ್ಟಿದ ಬೀಡಿಯನ್ನು ಹೊಳೆಯಾಚೆ ಕೊಟ್ಟುಬರಲು ರಾಜೀವಿಯೂ ಸೇಸಮ್ಮನೂ ದೋಣಿ ನಿಲ್ಲುವ ಕಡವಿಗೆ ಇಳಿದರು. ದಾಟಲು ಇದ್ದದ್ದು ಜತ್ತಪ್ಪನ ದೋಣಿಯೊಂದೇ. ಅವನು ರಾಜೀವಿಯ ಕೈ ಹಿಡಿದು ಹತ್ತಿಸಿದ. ಸೇಸಮ್ಮನ ಸರದಿ ಬಂದಾಗ ಎಂದಿನಂತೆ ಹಿಂದೆ ಸರಿದು, ಮುಖ ತಿರುಗಿಸಿ ನಿಂತ. ಅವಳು ತಾನಾಗಿಯೇ ಹತ್ತಿ ಮೂಲೆಯಲ್ಲಿ ಕೂರುವುದು ರೂಢಿಯಾಗಿತ್ತು.

ಇವತ್ತು ಅವಳು ಹತ್ತಲಿಲ್ಲ. ಮೊಣಕಾಲವರೆಗಿನ ನೀರಿನಲ್ಲಿ ನಿಂತು ಬಲಗೈ ಮುಂದೆ ಚಾಚಿದಳು.

"ಹಿಡಿಯಿರಿ ಅಣ್ಣ," ಎಂದಳು. "ಕಾಲು ಜಾರ್ತದೆ."