ಘಾಟು ಬರದ ಮೆಣಸಿನಕಾಯಿ

ಮೆಣಸಿನಕಾಯಿಯ ಘಾಟನ್ನು ಸರ್ಕಾರ ನಿಷೇಧಿಸಿ ಹನ್ನೆರಡು ವರ್ಷವಾಗಿದ್ದರೂ ಚೆಲುವಾಜಮ್ಮ ಮೊಮ್ಮಗನಿಗೆ ದೃಷ್ಟಿ ತೆಗೆಯುವುದನ್ನು ಬಿಟ್ಟಿರಲಿಲ್ಲ. ಅಂಗಡಿಯ ಸಪ್ಪೆ ಮೆಣಸಿನಕಾಯಿಯನ್ನು ಮಗುವಿಗೆ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದರು. ಎಂದಿನಂತೆ ಯಾರೂ ಕೆಮ್ಮಲಿಲ್ಲ.

“ಘಾಟೇ ಬರ್ಲಿಲ್ಲ ಅಂದ್ರೆ ದೃಷ್ಟಿ ಬಲವಾಗೇ ತಾಕೈತೆ. ಮಕ್ಕಳಿಲ್ಲದವಳ ಕಣ್ಣು, ಇನ್ನೇನು?” ಎಂದು ಕಿರಿಸೊಸೆ ಜಯಶೀಲಳನ್ನು ದುರುಗುಟ್ಟಿ ನೋಡಿದರು.

ಐದು ವರ್ಷದಿಂದ ಇದೇ ಮಾತು. ಜಯಶೀಲ ಸೀದಾ ಒಳಗೆ ಹೋಗಿ, ತವರಿನಿಂದ ತಂದು ಬಚ್ಚಿಟ್ಟಿದ್ದ ಹಳೇ ಕಾಲದ ಖಾರದ ಮೆಣಸಿನಕಾಯಿ ತಂದಳು. ಅದನ್ನೂ ಮಗುವಿಗೆ ನಿವಾಳಿಸಿ ಕೆಂಡಕ್ಕೆ ಎಸೆದಳು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಹೈರಾಣಾದರು.

“ಈಗ ಬಂತಲ್ಲ ಘಾಟು? ಇನ್ನು ಯಾರ ಕಣ್ಣು ಅಂತೀರಿ, ಅತ್ತೆ?”

ಚೆಲುವಾಜಮ್ಮ ಕಣ್ಣೊರೆಸಿಕೊಳ್ಳುತ್ತಲೇ ಫೋನು ಎತ್ತಿಕೊಂಡರು.

“ಘಾಟು ಪೊಲೀಸ್ನೋರಾ? ನಮ್ಮನೇಲೊಬ್ಳು ಖಾರ ಬಚ್ಚಿಟ್ಕೊಂಡವ್ಳೆ. ಬೇಗ ಬನ್ನಿ, ವಾಸನೆ ಇನ್ನೂ ಐತೆ.”