ಅರ್ಧಕ್ಕೇ ಅಂದ ಹೂಂ

ನೆನೆಹಾಕಿದ ಅವರೆಕಾಳನ್ನು ಮಹಡಿಯ ಮೇಲೆ ಹಿದುಕುತ್ತಿದ್ದೆ. ಊರೂರಿನವರ ಮಾತನ್ನು ಹೊತ್ತು ತಂದು ಹೇಳುವ ನಮ್ಮ ಬೀದಿಯ ಓಲೆಮೋಡ ಬಂದು, ನನ್ನ ಜೊತೆ ಕೂತಿದ್ದ ಪಕ್ಕದ ಮನೆಯ ಹೊಸ ಸೊಸೆ ಚಂಪಕಳ ತಲೆಯ ಮೇಲೆ ನಿಂತಿತು. ಸರದಿಯಲ್ಲಿ ಮುಂದಿದ್ದ ಅವಳ ತಾಯಿಯ ಓಲೆಯನ್ನು ಹೇಳತೊಡಗಿತು. ಅವಳು ಹೂಂಗುಟ್ಟಲು ಬಾಯಿ ತೆರೆದಳು.

"ಬಾಯ್ಮುಚ್ಚೇ! ಹೂಂ ಅಂದ್ರೆ ತಲುಪ್ತು ಅಂದ್ಕೊಂಡು ಮೋಡ ಉಳಿದದ್ದನ್ನ ಅಳಿಸಿಬಿಡುತ್ತೆ. ಪೂರ್ತಿ ಕೇಳಿಸ್ಕೊ ಮೊದ್ಲು" ಎಂದು ಗದರಿದೆ.

ಅವಳು ಕೊನೆಯವರೆಗೂ ಕೇಳಿ, ಹೂಂ ಎಂದು ನಕ್ಕಳು. "ನೀವೂ ಹೀಗೆ ಕಳ್ಕೊಂಡಿದ್ರಾ ಅಜ್ಜಿ?"

ಕಳೆದುಕೊಂಡಿದ್ದೆ. ಅವಳಿಗೆ ಎಲ್ಲ ಹೇಳಿದೆ. ರಾತ್ರಿಶಾಲೆಯಲ್ಲಿ ನಾನೂ ಬೀಬಿಜಾನಳೂ ಒಂದೇ ಸ್ಲೇಟಿನಲ್ಲಿ ಅಕ್ಷರ ಕಲಿತವರು. ಅವಳು ಬರೆದ 'ರ'ದ ಹೊಟ್ಟೆಗೆ ನಾನು ಚುಕ್ಕೆಯಿಟ್ಟು 'ಠ' ಮಾಡುತ್ತಿದ್ದೆ. ಅವಳು ಬಳಪದಲ್ಲೇ ನನ್ನ ತಲೆಗೆ ಮೊಟಕುತ್ತಿದ್ದಳು. ಅವಳು ಊರು ಬಿಟ್ಟ ಮೇಲೆ ಮೊದಲ ಓಲೆ ಬಂತು: "ಸಾಕಮ್ಮ, ನನಗೊಂದು ಉಪಕಾರ ಆಗ್ಬೇಕು ಕಣೇ..." ಕಥೆ ಕೇಳುವ ಅಭ್ಯಾಸದಲ್ಲಿ ಹೂಂ ಅಂದುಬಿಟ್ಟೆ. ಉಳಿದದ್ದು ಅಳಿಸಿಹೋಯಿತು. ನನ್ನ ಹೂಂ ಮಾತ್ರ ಅವಳಿಗೆ ಮುಟ್ಟಿತು. ಒಪ್ಪಿದಳು ಎಂದುಕೊಂಡು ಪಾಪ, ಎಷ್ಟು ದಿನ ಕಾದಳೋ. ಇಪ್ಪತ್ತು ವರ್ಷವಾಯಿತು, ಮತ್ತೆ ಓಲೆ ಬರಲಿಲ್ಲ.

"ಏನದು ಅಂತ ಕೇಳಿಬಿಡಬಾರ್ದಿತ್ತಾ?"

"ಈಗ ಕೇಳಿದ್ರೆ ಬೈತಾಳೆ ಕಣೆ."

"ಬೈಲಿ ಬಿಡಿ ಅಜ್ಜಿ. ಬೈಯೋಕಾದ್ರೂ ಬಾಯಿ ಬಿಡ್ತಾರಲ್ಲ!"

ಕೈ ಒರೆಸಿಕೊಂಡು ಎದ್ದೆ. ಮೋಡ ಹೊರಡುವುದರಲ್ಲಿತ್ತು.

"ಬೀಬಿ, ಆವತ್ತು ನೀನು ಏನು ಕೇಳಿದೆ ಅಂತ ನನಗೆ ಕೇಳಿಸ್ಲೇ ಇಲ್ಲ. ಸುಮ್ನೆ ಹೂಂ ಅಂದುಬಿಟ್ಟೆ. ಇನ್ನೊಂದ್ಸಲ ಕೇಳೇ" ಎಂದೆ.

ಮೋಡ ಅದನ್ನು ಸರದಿಯ ಕೊನೆಗೆ ಸೇರಿಸಿಕೊಂಡು, ನಿಧಾನವಾಗಿ ಅವಳೂರಿನ ಕಡೆ ತಿರುಗಿತು.